ಸೇನಾ ಆಸ್ಪತ್ರೆಯ ಔಷಧಿ, ನಮ್ಮ ಕೈಯ ಜೋಪಾನ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಆರ್ಮಿ ಮೆಡಿಕಲ್ ಕೋರ್‌ನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನು. ಲಖನೌದಲ್ಲಿ ಟ್ರೇನಿಂಗ್. ಆಮೇಲೆ ವಾರ್ಡು, ಎಂಐ ರೂಮು (ಯೂನಿಟ್ಟಿನ ಸಣ್ಣ ದವಾಖಾನೆ), ಔಷಧಿ ಸ್ಟೋರು ಅಂತ ಊರೂರು ತಿರುಗಿದ್ದಾಯಿತು. ಪೆನ್ಷನ್ ಬಂದ ಮೇಲೆ ಹಾಸನ ಸೇರಿದೆ. ಬೆಳಿಗ್ಗೆ ಕಾಫಿ ಮುಗಿಯುವ ಹೊತ್ತಿಗೆ ಗೇಟಿನ ಹತ್ತಿರ ಯಾರಾದರೊಬ್ಬರು ಮಾತ್ರೆ ಚೀಲ ಹಿಡಿದು ನಿಂತಿರುತ್ತಾರೆ. ನಾನು ಡಾಕ್ಟರಲ್ಲ. ಡೋಸ್ ಹೇಳುವುದಿಲ್ಲ, ಮಾತ್ರೆ ನಿಲ್ಲಿಸಿ ಅಂತಲೂ ಹೇಳುವುದಿಲ್ಲ. ಆದರೆ ಔಷಧಿ ಎಲ್ಲಿ ತಪ್ಪುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ. ಅವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ.

ಮಿಲಿಟರಿ ಆಸ್ಪತ್ರೆ ಅಂದರೆ ಎಲ್ಲಾ ಶಿಸ್ತು ಅಲ್ವಾ? ಅಲ್ಲೂ ಔಷಧಿ ತಪ್ಪಾಗುತ್ತಾ?

ಆಗುತ್ತದೆ. ಶಿಸ್ತಿನಿಂದ ಲೆಕ್ಕ ಸರಿ ಇರುತ್ತದೆ. ರಿಜಿಸ್ಟರ್, ಸಹಿ, ಬೀಗ, ಎಲ್ಲಾ ಪಕ್ಕಾ. ಆದರೆ ಔಷಧಿ ತಪ್ಪುವುದು ಲೆಕ್ಕದಲ್ಲಿ ಕಡಿಮೆ, ಕೈ ಬದಲಾಗುವ ಜಾಗದಲ್ಲಿ ಜಾಸ್ತಿ. ರಾತ್ರಿ ಡ್ಯೂಟಿಯವರು ಬೆಳಗಿನವರಿಗೆ ವಾರ್ಡು ಒಪ್ಪಿಸುವಾಗ, ಯೂನಿಟ್ಟಿನಿಂದ ಆಸ್ಪತ್ರೆಗೆ ಬರುವಾಗ, ಒಂದು ಪೋಸ್ಟಿಂಗಿನಿಂದ ಇನ್ನೊಂದಕ್ಕೆ ಹೋಗುವಾಗ, ಕೊನೆಗೆ ಸರ್ವೀಸ್ ಮುಗಿಸಿ ಊರಿಗೆ ಬರುವಾಗ. ಬೇರೆಯವರು ಇಪ್ಪತ್ತು ವರ್ಷ ಒಬ್ಬರೇ ಫ್ಯಾಮಿಲಿ ಡಾಕ್ಟರ ಹತ್ತಿರ ಹೋಗುತ್ತಾರೆ. ಫೌಜಿಗೆ ಎರಡು ಮೂರು ವರ್ಷಕ್ಕೊಮ್ಮೆ ಊರು ಬದಲು, ಡಾಕ್ಟರೂ ಬದಲು. ಮನುಷ್ಯ ರೈಲು ಹತ್ತಿ ಹೋಗಿರುತ್ತಾನೆ, ಅವನ ಔಷಧಿ ಕಥೆ ಹಳೇ ಊರಿನ ಫೈಲಿನಲ್ಲೇ ಕೂತಿರುತ್ತದೆ.

ಈ ಔಷಧಿಗಳೆಲ್ಲ ಎಲ್ಲಿಂದ ಬರುತ್ತವೆ?

ಬಹಳಷ್ಟು ಬರುವುದು ಸೇನಾಪಡೆಗಳ ಮೆಡಿಕಲ್ ಸ್ಟೋರ್ ಡಿಪೋಗಳಿಂದ. ದೆಹಲಿ, ಮುಂಬೈ, ಲಖನೌ, ಪುಣೆಯಲ್ಲಿ ಇಂಥ ಡಿಪೋಗಳಿವೆ. ಅಲ್ಲಿ ಸಿಗದ್ದನ್ನು ಆಸ್ಪತ್ರೆಯವರು ಸ್ಥಳೀಯವಾಗಿ ಕೊಳ್ಳುತ್ತಾರೆ. ಅದಕ್ಕೆ ನಾವು ‘ಎಲ್‌ಪಿ’ ಅನ್ನುತ್ತಿದ್ದೆವು. ಮಾಜಿ ಸೈನಿಕರಿಗೆ 2003ರ ಏಪ್ರಿಲ್ 1ರಿಂದ ಅವರದೇ ಆರೋಗ್ಯ ಯೋಜನೆ ಇಸಿಎಚ್‌ಎಸ್ ಬಂತು. ಮಡಿಕೇರಿ, ಮೈಸೂರು, ಮಂಗಳೂರು, ಬೆಳಗಾವಿ ಕಡೆಯವರು ಅದರ ಪಾಲಿಕ್ಲಿನಿಕ್ ಕೌಂಟರಿನಲ್ಲಿ ತೆಗೆದುಕೊಳ್ಳುವ ಮಾತ್ರೆಗಳು ಈ ದಾರಿಯವು.

ಪ್ರತಿ ತಿಂಗಳು ಮಾತ್ರೆಯ ಬಣ್ಣ, ಆಕಾರ ಬದಲಾಗುತ್ತದೆ. ಮೋಸ ಏನಾದರೂ ಇದೆಯಾ?

ನನ್ನ ಗೇಟಿನ ಹತ್ತಿರ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಮೋಸ ಇಲ್ಲ. ಡಿಪೋಗೆ ಟೆಂಡರಿನಲ್ಲಿ ಕೊಳ್ಳುತ್ತಾರೆ. ಈ ಸಲ ಒಂದು ಕಂಪನಿ, ಮುಂದಿನ ಸಲ ಇನ್ನೊಂದು. ಒಳಗಿರುವ ಔಷಧಿ ಅದೇ. ಹೊರಗಿನ ಬಣ್ಣ, ಹೆಸರು, ಸ್ಟ್ರಿಪ್ಪು ಬೇರೆ.

ಅಪಾಯ ಇರುವುದು ಇಲ್ಲಿ. ನಮ್ಮ ಬೀದಿಯ ನಿವೃತ್ತ ಹವಾಲ್ದಾರರೊಬ್ಬರಿಗೆ ಬಿಪಿ. ಪಾಲಿಕ್ಲಿನಿಕ್‌ನಲ್ಲಿ ಟೆಲ್ಮಿಸಾರ್ಟನ್ ಕೊಟ್ಟಿದ್ದರು. ನಡುವೆ ಎದೆನೋವು ಅಂತ ಖಾಸಗಿ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದರು. ಡಿಸ್ಚಾರ್ಜ್ ಚೀಟಿಯಲ್ಲಿ ಅದೇ ಟೆಲ್ಮಿಸಾರ್ಟನ್ ಬೇರೆ ಕಂಪನಿಯ ಹೆಸರಿನಲ್ಲಿ ಬಂತು. ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಬೆಳಿಗ್ಗೆ ಬಿಳಿ ಮಾತ್ರೆ, ರಾತ್ರಿ ಹಳದಿ ಮಾತ್ರೆ. ಎರಡೂ ಒಂದೇ! ಹತ್ತನೇ ದಿನ ಬಚ್ಚಲುಮನೆಯಲ್ಲಿ ತಲೆ ತಿರುಗಿ ಬಿದ್ದರು. ಅವರ ಹೆಂಡತಿ ಚೀಲ ತಂದು ನನ್ನ ಮುಂದೆ ಸುರಿದಾಗ ಎರಡೂ ಸ್ಟ್ರಿಪ್ ತಿರುಗಿಸಿ ನೋಡಿದೆವು. ದೊಡ್ಡ ಅಕ್ಷರದ ಹೆಸರು ಬೇರೆ ಬೇರೆ. ಕೆಳಗಿನ ಹೆಸರು ಒಂದೇ.

ಆ ಕೆಳಗಿನ ಹೆಸರನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಅದು ಔಷಧಿಯ ನಿಜವಾದ ಹೆಸರು. ಸೇನೆಯ ಕೌಂಟರಿನಲ್ಲಿ ಔಷಧಿ ಹೆಚ್ಚಾಗಿ ಓಡಾಡುವುದೂ ಅದೇ ಹೆಸರಿನಲ್ಲಿ. ಹೊಸ ಸ್ಟ್ರಿಪ್ ಕೈಗೆ ಬಂದಾಗ ಹಳೇದನ್ನು ಪಕ್ಕದಲ್ಲಿಟ್ಟು ಹೆಸರು, ಮಿಲಿಗ್ರಾಂ ಎರಡನ್ನೂ ಹೊಂದಿಸಿ ನೋಡಿ. ಮೊದಲು 40 ಇದ್ದದ್ದು ಈಗ 80 ಬಂದಿದ್ದರೆ ಅರ್ಧ ಮಾಡಿ ತಗೊಳ್ಳಬೇಕಾ ಅಂತ ಕೌಂಟರಿನಲ್ಲೇ ಕೇಳಿ. ಎಲ್ಲಾ ಮಾತ್ರೆಯನ್ನೂ ಮುರಿಯುವಂತಿಲ್ಲ. ನಿಧಾನವಾಗಿ ಬಿಡುಗಡೆ ಆಗುವ ಎಸ್‌ಆರ್, ಎಕ್ಸ್‌ಎಲ್ ಮಾತ್ರೆಗಳಲ್ಲಿ ಅರ್ಧ ಮಾಡಬಾರದವು ಇವೆ. ಪುಡಿ ಮಾಡುವುದಂತೂ ಬೇಡವೇ ಬೇಡ.

ಕೌಂಟರಿನಲ್ಲಿ ‘ಎನ್‌ಎ’ ಅಂತ ಬರೆದು ಕೊಟ್ಟರು. ಏನು ಮಾಡಲಿ?

ಆ ಔಷಧಿ ಸದ್ಯಕ್ಕೆ ಇಲ್ಲ ಅಂತ ಅರ್ಥ. ಪಾಲಿಕ್ಲಿನಿಕ್ ಗೊತ್ತು ಮಾಡಿದ ಕೆಮಿಸ್ಟ್ ಇದ್ದರೆ ಅಲ್ಲಿ ಸಿಗುತ್ತದೆ. ಇಲ್ಲವಾದರೆ ಹೇಗೆ ಕೊಳ್ಳಬೇಕು, ಬಿಲ್ಲಿಗೆ ಏನೇನು ಬೇಕು ಅಂತ ಅಲ್ಲೇ ಕೇಳಿಕೊಳ್ಳಿ. ‘ಮುಂದಿನ ತಿಂಗಳು ಬಂದಾಗ ತಗೊಂಡರಾಯಿತು’ ಅಂತ ಬಿಡಬೇಡಿ. ಬಿಪಿ, ಫಿಟ್ಸ್, ರಕ್ತ ತೆಳು ಮಾಡುವ ಮಾತ್ರೆಗಳಲ್ಲಿ ಒಂದು ವಾರದ ಖಾಲಿಯೂ ಭಾರಿ ಬೀಳಬಹುದು.

ವಾರ್ಡಿನಲ್ಲಿ ಪ್ರತಿ ಸಲವೂ ಹೆಸರು, ನಂಬರ್ ಕೇಳುತ್ತಾರೆ. ನಿನ್ನೆಯಿಂದ ಅದೇ ಬೆಡ್ಡಿನಲ್ಲಿ ಇದ್ದೀನಲ್ಲ?

ಕೇಳಲಿ ಬಿಡಿ. ಸೇನೆಯ ವಾರ್ಡು ಬೇರೆ ವಾರ್ಡಿನ ಹಾಗಲ್ಲ. ಒಂದೇ ರೆಜಿಮೆಂಟಿನವರು, ಒಂದೇ ಸೀಮೆಯವರು, ಒಂದೇ ವಯಸ್ಸು, ಒಂದೇ ಕ್ರಾಪು, ಒಂದೇ ನೀಲಿ ಪೈಜಾಮ. ಒಮ್ಮೆ ನಮ್ಮ ವಾರ್ಡಿನಲ್ಲಿ ಒಂದೇ ಹೆಸರಿನ ಮೂವರು ಸಿಂಗ್‌ಗಳಿದ್ದರು. ಅವರಲ್ಲಿ ಇಬ್ಬರು ಬಿಸಿಲು ಚೆನ್ನಾಗಿದೆ ಅಂತ ಬೆಡ್ಡೇ ಬದಲಾಯಿಸಿಕೊಂಡಿದ್ದರು. ಬೆಡ್ ನಂಬರ್ ನಂಬಿದ್ದರೆ ಒಬ್ಬರ ಇಂಜೆಕ್ಷನ್ ಇನ್ನೊಬ್ಬರಿಗೆ. ಆರ್ಮಿ ನಂಬರ್ ಮಾತ್ರ ಒಬ್ಬರಿಗೆ ಒಂದೇ.

ಸಿಸ್ಟರ್ ‘ನೀವು ರಾಮಪ್ಪ ಅಲ್ವಾ?’ ಅಂತ ಕೇಳಿದರೆ ಅರೆನಿದ್ದೆಯಲ್ಲಿ ಯಾರಾದರೂ ಹೂಂ ಅಂದುಬಿಡುತ್ತಾರೆ. ‘ನಿಮ್ಮ ಹೆಸರೇನು?’ ಅಂತ ಕೇಳಬೇಕು, ನೀವು ಪೂರ್ತಿ ಹೇಳಬೇಕು. ಅಲರ್ಜಿ ಇದ್ದರೆ ಹೆಸರಿನ ಹಿಂದೆಯೇ ಹೇಳಿಬಿಡಿ.

ಮಾರ್ಫಿನ್‌ಗೆ ಅಷ್ಟೊಂದು ಬೀಗ, ರಿಜಿಸ್ಟರ್ ಯಾಕೆ? ಗಾಯಾಳು ನರಳುತ್ತಿರುವಾಗ ಬೀಗ ಹುಡುಕುವುದಾ?

ಕೋಪ ಬರುವ ಪ್ರಶ್ನೆ. ನನಗೂ ಬಂದಿತ್ತು. ಮಾರ್ಫಿನ್, ಪೆಥಿಡಿನ್ ಥರದ ಅಮಲಿನ ನೋವಿನ ಔಷಧಿಗಳು ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಬರುತ್ತವೆ. ಅವುಗಳನ್ನು ಇಡುವ ಕಪಾಟಿಗೆ ನಾವು ಹಳೇ ಡೇಂಜರಸ್ ಡ್ರಗ್ಸ್ ಆಕ್ಟ್ ಹೆಸರಿನಲ್ಲಿ ‘ಡಿಡಿಎ’ ಅನ್ನುತ್ತಿದ್ದೆವು. ಪ್ರತಿ ಶಿಫ್ಟ್ ಬದಲಾದಾಗ ಇಬ್ಬರು ಒಟ್ಟಿಗೆ ನಿಂತು ಆಂಪೂಲ್ ಎಣಿಸುತ್ತಿದ್ದೆವು. ಖಾಲಿ ಆಂಪೂಲಿಗೂ ಲೆಕ್ಕ ಕೊಡಬೇಕಿತ್ತು. ಕಳ್ಳತನ ತಡೆಯುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಹತ್ತಿರ ಪುಟ್ಟ ಟ್ಯೂಬಿನಂಥ ಮಾರ್ಫಿನ್ ಸಿರೆಟ್ ಇರುತ್ತಿತ್ತು. ಟೂತ್‌ಪೇಸ್ಟ್ ಹಿಂಡಿದ ಹಾಗೆ ಹಿಂಡಿದರೆ ಚರ್ಮದ ಕೆಳಗೆ ಹೋಗುತ್ತಿತ್ತು. ಒಂದರಲ್ಲಿ ಅರ್ಧ ಗ್ರೇನ್, ಅಂದರೆ ಸುಮಾರು 30 ಮಿಲಿಗ್ರಾಂ. ವಾರ್ಡಿನಲ್ಲಿ ನಾವು ಸಾಮಾನ್ಯವಾಗಿ ನೋಡುವ 10 ಮಿಲಿಗ್ರಾಂಗೆ ಹೋಲಿಸಿ ನೋಡಿ. ಚಳಿಯಲ್ಲಿ, ರಕ್ತ ಹೋಗಿ ಶಾಕ್‌ನಲ್ಲಿ ಬಿದ್ದವನ ಚರ್ಮದಲ್ಲಿ ರಕ್ತ ಸರಿಯಾಗಿ ಓಡುವುದಿಲ್ಲ. ಔಷಧಿ ಅಲ್ಲೇ ಕೂತಿರುತ್ತದೆ. ನೋವು ಕಡಿಮೆ ಆಗಲಿಲ್ಲ ಅಂತ ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಬಂದು ಇನ್ನೊಂದು ಕೊಡುತ್ತಾನೆ. ಯುದ್ಧದ ಸಾಲಿನ ಹಿಂದಿರುವ ಚಿಕಿತ್ಸಾ ಠಾಣೆಯಲ್ಲಿ ಮೂರನೆಯದು. ಆಮೇಲೆ ಆಸ್ಪತ್ರೆಯಲ್ಲಿ ಬೆಚ್ಚಗೆ ಮಾಡಿ, ರಕ್ತ ಕೊಟ್ಟ ಕೂಡಲೇ ಚರ್ಮದ ಕೆಳಗೆ ಕೂತಿದ್ದ ಅಷ್ಟೂ ಮಾರ್ಫಿನ್ ಒಟ್ಟಿಗೆ ಮೈಗೆ ಸೇರುತ್ತದೆ. ಗುಂಡಿಗೆ ಸಾಯದವನ ಉಸಿರು ಔಷಧಿಗೆ ನಿಲ್ಲುತ್ತದೆ. ಅಮೆರಿಕ ಸೇನೆಯ ಜೊತೆಗಿದ್ದ ಅರಿವಳಿಕೆ ವೈದ್ಯ ಹೆನ್ರಿ ಬೀಚರ್ 1944ರಲ್ಲೇ ಇದರ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದು ಎಚ್ಚರಿಸಿದರು. ಮಾರ್ಫಿನ್ ವಿಷವನ್ನು ತಿರುಗಿಸುವ ನಲಾಕ್ಸೋನ್ ಆಗ ಇರಲಿಲ್ಲ.

ಅದಕ್ಕೇ ಖಾಲಿ ಸಿರೆಟ್ಟನ್ನು ಗಾಯಾಳುವಿನ ಕಾಲರಿಗೆ ಪಿನ್ ಮಾಡುತ್ತಿದ್ದರು. ಹಣೆಯ ಮೇಲೆ ‘ಎಂ’ ಅಂತ ಅಕ್ಷರ ಬರೆದು ಟೈಮ್ ಹಾಕುವ ರೂಢಿಯೂ ಇತ್ತು. ಮುಂದಿನ ಕೈಗೆ ಹಿಂದಿನ ಕೈ ಏನು ಮಾಡಿದೆ ಅಂತ ಗೊತ್ತಾಗಬೇಕು, ಅಷ್ಟೇ. ಕಾಗದ ಒದ್ದೆಯಾಗುತ್ತದೆ, ಕಳೆದುಹೋಗುತ್ತದೆ. ಹಣೆ ಎಲ್ಲಿಗೂ ಹೋಗುವುದಿಲ್ಲ.

ಇನ್ಸುಲಿನ್ ಸಿರಿಂಜಿನ ಮುಚ್ಚಳ ಕೆಂಪು ಒಂದು, ಕಿತ್ತಳೆ ಒಂದು. ಯಾವುದಾದರೂ ಆಗುತ್ತಲ್ವಾ?

ಖಂಡಿತ ಆಗುವುದಿಲ್ಲ. ನಮ್ಮಲ್ಲಿ ಇನ್ಸುಲಿನ್ ವಯಲ್ ಸಾಮಾನ್ಯವಾಗಿ ಒಂದು ಎಂಎಲ್‌ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಕಿತ್ತಳೆ ಮುಚ್ಚಳದ್ದು ಒಂದು ಎಂಎಲ್‌ಗೆ 100 ಯೂನಿಟ್ ಇರುವ ಇನ್ಸುಲಿನ್‌ಗೆ.

ಅಜ್ಜಿಗೆ 20 ಯೂನಿಟ್ ಬೇಕು ಅಂದುಕೊಳ್ಳಿ. 40ರ ವಯಲ್‌ನಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಬರುವುದು 8 ಯೂನಿಟ್. ಸಕ್ಕರೆ ಇಳಿಯುವುದಿಲ್ಲ. ಉಲ್ಟಾ ಆದರೆ ಇನ್ನೂ ಭಯ. 100ರ ಇನ್ಸುಲಿನ್ ಅನ್ನು ಕೆಂಪು ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ 50 ಯೂನಿಟ್ ಹೋಗುತ್ತದೆ. ರಾತ್ರಿ ಮಲಗಿದವರು ಬೆಳಿಗ್ಗೆ ಏಳದೇ ಇರಬಹುದು. ಪೆನ್ನಿನ ಕಾರ್ಟ್ರಿಜ್‌ಗೆ ಸಿರಿಂಜ್ ಚುಚ್ಚಿ ಔಷಧಿ ಎಳೆಯುವವರನ್ನು ನೋಡಿದ್ದೇನೆ. ಕಾರ್ಟ್ರಿಜ್ 100ರದ್ದು. ದಯವಿಟ್ಟು ಬೇಡ.

ಪಾಲಿಕ್ಲಿನಿಕ್‌ನಲ್ಲಿ ವಯಲ್ ಒಂದು ಕಡೆ, ಸಿರಿಂಜ್ ಹೊರಗಿನ ಅಂಗಡಿಯಲ್ಲಿ ಅಂತಾದಾಗ ಈ ತಪ್ಪು ಜಾಸ್ತಿ. ವಯಲ್ ಜೊತೆಗೇ ತಗೊಂಡು ಹೋಗಿ, ಅಂಗಡಿಯವರಿಗೆ ತೋರಿಸಿ.

ಮಗನಿಗೆ ಲೇಹ್ ಪೋಸ್ಟಿಂಗ್. ಡೈಮಾಕ್ಸ್ ತಗೊಂಡರೆ ಸಾಕಂತೆ, ಹೌದಾ?

ಸಾಕಾಗುವುದಿಲ್ಲ. ಎತ್ತರಕ್ಕೆ ಮೈ ಹೊಂದಿಕೊಳ್ಳುವುದಕ್ಕೆ ಸೇನೆಯಲ್ಲಿ ದಿನಗಳ ಲೆಕ್ಕವೇ ಇದೆ. 9,000ದಿಂದ 12,000 ಅಡಿಯವರೆಗೆ ಆರು ದಿನ, 15,000ದವರೆಗೆ ಇನ್ನೂ ನಾಲ್ಕು, ಅದಕ್ಕೂ ಮೇಲೆ ಮತ್ತೆ ನಾಲ್ಕು. ಔಷಧಿ ಈ ದಿನಗಳನ್ನು ಉಳಿಸುವುದಕ್ಕಲ್ಲ. ಡೈಮಾಕ್ಸ್ ಅಂದರೆ ಅಸೆಟಜೋಲಮೈಡ್, ಎತ್ತರದ ಕಾಯಿಲೆ ತಡೆಯಲು ಕೊಡುವ ಮಾತ್ರೆ. ಬೆರಳು ಜುಮ್ಮೆನ್ನುತ್ತದೆ, ಮೂತ್ರ ಜಾಸ್ತಿ, ಸೋಡಾ ಕುಡಿದರೆ ಸಪ್ಪೆ. ಇವು ಹೆದರುವಂಥವಲ್ಲ. ಆದರೆ ಸಲ್ಫಾ ಔಷಧಿಗೆ ಅಲರ್ಜಿ ಇದ್ದವರು ಡಾಕ್ಟರಿಗೆ ಮೊದಲೇ ಹೇಳಬೇಕು. ಕೂತಲ್ಲೇ ಏದುಸಿರು, ಕೆಮ್ಮಿದರೆ ನೊರೆ, ನಡೆದರೆ ತೂರಾಟ ಬಂದರೆ ಮಾತ್ರೆ ನುಂಗಿ ಕಾಯುವುದಲ್ಲ. ಕೂಡಲೇ ಹೇಳಬೇಕು, ಕೆಳಗಿಳಿಯಬೇಕು. ‘ಸಾಹೇಬರು ಏನಂದುಕೊಳ್ಳುತ್ತಾರೋ’ ಅಂತ ಸುಮ್ನೆ ಕೂರುವ ಹುಡುಗರೇ ಹೆಚ್ಚು ತೊಂದರೆಗೆ ಸಿಕ್ಕಿಕೊಳ್ಳುವುದು.

ಮಗ ಈಶಾನ್ಯದಿಂದ ಮಲೇರಿಯಾ ತಂದುಕೊಂಡ. ಜ್ವರ ಬಿಟ್ಟ ಮೇಲೂ ಹದಿನಾಲ್ಕು ದಿನ ಮಾತ್ರೆ ಯಾಕೆ?

ಅದು ಪ್ರೈಮಾಕ್ವಿನ್ ಇರಬೇಕು. ವೈವ್ಯಾಕ್ಸ್ ಮಲೇರಿಯಾದ ಕ್ರಿಮಿ ಲಿವರ್‌ನಲ್ಲಿ ಅಡಗಿ ಕೂರುತ್ತದೆ. ರಜೆಗೆ ಊರಿಗೆ ಬಂದಾಗ ಮತ್ತೆ ಏಳುತ್ತದೆ. ಅದಕ್ಕೇ 14 ದಿನ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದ್ದವರಿಗೆ ಇದರಿಂದ ರಕ್ತಕಣ ಒಡೆಯುತ್ತದೆ. ಕೊಡುವ ಮೊದಲು ಪರೀಕ್ಷೆ ಮಾಡಿದ್ದಾರಾ ಅಂತ ಕೇಳಿ. ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಓಡಿ. ಡೋಸ್ ಹೇಳಲ್ಲ, ನಿಲ್ಲಿಸಿ ಅನ್ನಲ್ಲ ಅಂದಿದ್ದೆ ಅಲ್ವಾ, ಇದೊಂದು ಬಿಟ್ಟು.

ಓಟದ ಟೆಸ್ಟಿಗೆ ಮುಂಚೆ ನೋವಿನ ಮಾತ್ರೆ ನುಂಗುತ್ತಾರೆ. ತಪ್ಪಾ?

ಬಿಪಿಇಟಿ (ಸೇನೆಯ ಓಟದ ಟೆಸ್ಟು) ಬಂತೆಂದರೆ ಎಂಐ ರೂಮಿನ ಮುಂದೆ ಸಾಲು. ‘ಉಸ್ತಾದ್, ಎರಡು ಬ್ರೂಫೆನ್.’ ಬಿಸಿಲಲ್ಲಿ ನೀರು ಕಡಿಮೆ ಕುಡಿದು, ಭಾರ ಹೊತ್ತು ಓಡುವಾಗ ಐಬುಪ್ರೊಫೆನ್, ಡೈಕ್ಲೋಫೆನಾಕ್ ಕಿಡ್ನಿಗೆ ಕೆಟ್ಟದ್ದು. ನೋವು ಮುಚ್ಚಿಟ್ಟು ಓಡಿದರೆ ಮೂಳೆಯ ಸಣ್ಣ ಬಿರುಕು ದೊಡ್ಡದಾಗುತ್ತದೆ. ಪೆನ್ಷನ್ ಬಂದವರೂ ಮಂಡಿನೋವಿಗೆ ಇದೇ ಮಾತ್ರೆಯನ್ನು ವರ್ಷಗಟ್ಟಲೆ ತಿನ್ನುತ್ತಾರೆ. ಜೊತೆಗೆ ಬಿಪಿ ಮಾತ್ರೆ, ಮೂತ್ರದ ಮಾತ್ರೆ ಇದ್ದರೆ ಇನ್ನೂ ಕಷ್ಟ.

ಕ್ಯಾಂಟೀನ್ ರಮ್ಮು? ಒಂದು ಪೆಗ್ಗಿಗೆ ಏನಾಗುತ್ತೆ?

ಈ ಪ್ರಶ್ನೆಯನ್ನು ಹೆಂಡತಿ ಪಕ್ಕದಲ್ಲಿಲ್ಲದಾಗ ಕೇಳುತ್ತಾರೆ. ನಿದ್ದೆ ಮಾತ್ರೆ, ಫಿಟ್ಸ್ ಮಾತ್ರೆ, ಟ್ರಮಡಾಲ್ ಅನ್ನುವ ನೋವಿನ ಮಾತ್ರೆ ಜೊತೆ ಒಂದು ಪೆಗ್ಗೂ ಬೇಡ. ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತಗೊಂಡು ಖಾಲಿ ಹೊಟ್ಟೆಗೆ ಕುಡಿದರೆ ಸಕ್ಕರೆ ಧಡ್ ಅಂತ ಇಳಿಯುತ್ತದೆ. ತೂರಾಡುತ್ತಿದ್ದರೆ ಮನೆಯವರು ಕುಡಿದಿದ್ದಾರೆ ಅಂತ ಬಿಟ್ಟುಬಿಡುತ್ತಾರೆ. ಅದೇ ಅಪಾಯ.

ಮೆಥೊಟ್ರೆಕ್ಸೇಟ್ ವಾರಕ್ಕೊಂದು ಸಲವಂತೆ. ದಿನಾ ತಗೊಂಡರೆ ಬೇಗ ವಾಸಿ ಆಗಲ್ವಾ?

ಸಂಧಿವಾತಕ್ಕೆ ಕೊಡುವಾಗ ವಾರಕ್ಕೊಮ್ಮೆ ಮಾತ್ರ. ದಿನಾ ತಗೊಂಡು ಜೀವ ಕಳೆದುಕೊಂಡವರು ಪ್ರಪಂಚದ ಎಲ್ಲಾ ಕಡೆ ಇದ್ದಾರೆ. ವಾರದ ಯಾವ ದಿನ ಅಂತ ಡಬ್ಬಿಯ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ: ‘ಸೋಮವಾರ ಮಾತ್ರ’.

ಎಕ್ಸ್‌ಪೈರಿ ಆದ ಮೇಲೂ ಔಷಧಿ ಚೆನ್ನಾಗಿರುತ್ತೆ ಅಂತ ಅಮೆರಿಕ ಸೇನೆಯೇ ಹೇಳಿದೆಯಂತೆ?

ಅರ್ಧ ಸತ್ಯ. 1986ರಿಂದ ಅಮೆರಿಕದ ರಕ್ಷಣಾ ಇಲಾಖೆಯೂ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎಯೂ ಸೇರಿ ದಾಸ್ತಾನಿನ ಔಷಧಿಗಳನ್ನು ಪರೀಕ್ಷೆ ಮಾಡುತ್ತಾ ಬಂದಿವೆ. 2006ರಲ್ಲಿ ಬಂದ ವರದಿಯಲ್ಲಿ 122 ಔಷಧಿಗಳ 3,005 ಲಾಟುಗಳ (ಬ್ಯಾಚುಗಳ) ಲೆಕ್ಕವಿತ್ತು. ಅದರಲ್ಲಿ ನೂರಕ್ಕೆ 88 ಲಾಟುಗಳಿಗೆ ಕಡೇಪಕ್ಷ ಒಂದು ವರ್ಷ ಆಯಸ್ಸು ಹೆಚ್ಚಿಸಬಹುದಿತ್ತು.

ಆದರೆ ಅವು ಡಬ್ಬಿ ಒಡೆಯದೆ, ಹದವಾದ ಉಷ್ಣಾಂಶದ ಗೋದಾಮಿನಲ್ಲಿ ಇಟ್ಟವು. ಪ್ರತಿ ಲಾಟನ್ನೂ ಲ್ಯಾಬಿನಲ್ಲಿ ನೋಡಿಯೇ ಹೇಳಿದ್ದು. ನಿಮ್ಮ ಸ್ಕೂಟರ್ ಡಿಕ್ಕಿಯಲ್ಲಿ ಮೂರು ತಿಂಗಳು ಓಡಾಡಿದ ಸ್ಟ್ರಿಪ್ಪಿಗೆ ಆ ಲೆಕ್ಕ ಹಾಕಬೇಡಿ. ಇನ್ಸುಲಿನ್, ಕಣ್ಣಿನ ಡ್ರಾಪ್ಸ್, ಎದೆನೋವಿಗೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ವಿಷಯದಲ್ಲಿ ಚೌಕಾಸಿಯೇ ಬೇಡ.

ಮಾತ್ರೆ ಕೆಟ್ಟಿದೆ ಅಂತ ನೋಡಿ ಗೊತ್ತಾಗುತ್ತಾ?

ಕೆಲವು ಸಲ. ಕಾರವಾರದ ಥರದ ಕಡಲ ಹವೆಯಲ್ಲಿ ಆಸ್ಪಿರಿನ್ ಡಬ್ಬಿ ಮುಚ್ಚಳ ತೆಗೆದರೆ ವಿನಿಗರ್ ವಾಸನೆ ಹೊಡೆಯುತ್ತದೆ. ಹಸಿ ತಗುಲಿ ಒಡೆದಿದೆ ಅಂತ ಅರ್ಥ. ಬಿಸಾಡಿ. ಲಡಾಖ್‌ನಲ್ಲಿ ಬೇರೆ ಆಟ. ಮಿದುಳಿನ ಊತ ಇಳಿಸಲು ಡ್ರಿಪ್ಪಿನಲ್ಲಿ ಕೊಡುವ ಮ್ಯಾನಿಟಾಲ್ ಬಾಟಲಿಯನ್ನು ಬೆಳಕಿಗೆ ಹಿಡಿದರೆ ಒಳಗೆ ಸೂಜಿಯಂಥ ಹರಳು ಮಿನುಗುತ್ತಿರುತ್ತಿತ್ತು. ಬಿಸಿನೀರಿನಲ್ಲಿಟ್ಟು ಪೂರ್ತಿ ಕರಗಿಸಿ, ಮೈ ಬಿಸಿಗೆ ಆರಿಸಿ, ಫಿಲ್ಟರ್ ಇರುವ ಸೆಟ್ಟಿನಲ್ಲೇ ಕೊಡಬೇಕಿತ್ತು. ಇನ್ಸುಲಿನ್ ಹೆಪ್ಪುಗಟ್ಟಿದರೆ ಮಾತ್ರ ಕರಗಿಸಿದರೂ ಉಪಯೋಗವಿಲ್ಲ. ಮನೆಯ ಫ್ರಿಜ್ಜಿನಲ್ಲೂ ಫ್ರೀಜರ್‌ಗೆ ಅಂಟಿಸಿ ಇಡಬೇಡಿ. ಬೇಕಾದದ್ದು 2ರಿಂದ 8 ಡಿಗ್ರಿ.

ಡಾಕ್ಟರು ಕರ್ನಲ್, ಸಿಸ್ಟರ್ ಮೇಜರ್. ಅವರನ್ನು ನಾವು ಹೇಗೆ ಪ್ರಶ್ನೆ ಮಾಡೋದು?

ಇದಕ್ಕೆ ನನ್ನದೇ ತಪ್ಪು ಹೇಳುತ್ತೇನೆ. ಆಗ ನಾನು ನಾಯಕ್. ರಾತ್ರಿ ಎರಡು ಗಂಟೆ, ಪೂರ್ತಿ ತುಂಬಿದ ವಾರ್ಡು. ಆಂಟಿಬಯಾಟಿಕ್ ಪುಡಿಯನ್ನು ಕರಗಿಸಲು ಡಿಸ್ಟಿಲ್ಡ್ ವಾಟರ್ ಬೇಕಿತ್ತು. ಟ್ರೇಗೆ ಕೈ ಹಾಕಿ 10 ಎಂಎಲ್‌ನ ಪ್ಲಾಸ್ಟಿಕ್ ಆಂಪೂಲ್ ತೆಗೆದು ಕತ್ತು ಮುರಿದೆ. ಸಿರಿಂಜಿಗೆ ಎಳೆಯುತ್ತಿದ್ದೆ. ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದವನು ಆ ವಾರವಷ್ಟೇ ಬಂದ ಹುಡುಗ. ‘ಉಸ್ತಾದ್, ಏಕ್ ಮಿನಿಟ್’ ಅಂದ. ನನಗೆ ರೇಗಿತು. ಅವನು ಬಿಡಲಿಲ್ಲ. ‘ಇದರ ಅಕ್ಷರ ಕೆಂಪಗಿದೆ, ಆಗಲೇ ತೆಗೆದದ್ದು ನೀಲಿ ಇತ್ತು.’

ಅದು ಪೊಟ್ಯಾಸಿಯಂ ಕ್ಲೋರೈಡ್. ನೀರು ಬೆರೆಸದೆ ನೇರ ನರಕ್ಕೆ ಹೋಗಿದ್ದರೆ ಹೃದಯ ನಿಲ್ಲುತ್ತಿತ್ತು. ಯಾರೋ ಎರಡನ್ನೂ ಒಂದೇ ಟ್ರೇಯಲ್ಲಿ ಇಟ್ಟಿದ್ದರು. ಬೆಳಿಗ್ಗೆ ಮೇಟ್ರನ್ ಮೇಡಂ ಹತ್ತಿರ ನಾನೇ ಹೋಗಿ ಹೇಳಿದೆ. ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ಮೊದಲು ಮಾಡಿದ್ದು ಆ ಆಂಪೂಲ್‌ಗಳನ್ನೆಲ್ಲ ವಾರ್ಡಿನ ಟ್ರೇಯಿಂದ ಎತ್ತಿಸಿ ಬೇರೆ ಬೀಗದ ಕಪಾಟಿಗೆ ಹಾಕಿಸಿದ್ದು. ಎರಡನೆಯದು, ಆ ಹುಡುಗನನ್ನು ಕರೆದು ಚಹಾ ಕೊಡಿಸಿದ್ದು. ಬೈಗುಳ ಸಿಕ್ಕಿದ್ದು ಮೂರನೆಯದಾಗಿ. ನನಗೆ.

ಹುಡುಗ ನನ್ನ ತೋಳಿನ ಪಟ್ಟಿ ನೋಡಿ ಬಾಯಿ ಮುಚ್ಚಿಕೊಂಡಿದ್ದರೆ? ಆದ್ದರಿಂದ ಕೇಳಿ. ಜಗಳದ ಧಾಟಿ ಬೇಡ. ‘ಸರ್, ಈ ಮಾತ್ರೆ ನಿನ್ನೆಯದಲ್ಲ ಅನ್ನಿಸುತ್ತಿದೆ, ಒಂದು ಸಲ ನೋಡುತ್ತೀರಾ?’ ಅಷ್ಟು ಸಾಕು. ಒಳ್ಳೆಯ ಅಧಿಕಾರಿಗೆ ಇದರಿಂದ ಸಿಟ್ಟು ಬರುವುದಿಲ್ಲ. ಬಂದರೂ ಅದು ಸಂಜೆಗೆ ಇಳಿಯುತ್ತದೆ.

ಮಾತ್ರೆಯಿಂದ ಮೈಯೆಲ್ಲ ದದ್ದು ಬಂತು. ಯಾರಿಗೆ ಹೇಳಬೇಕು?

ಮೊದಲು ಡಾಕ್ಟರಿಗೆ. ತುಟಿ ಊದಿದರೆ, ಉಸಿರು ಕಟ್ಟಿದರೆ ಹತ್ತಿರದ ಯಾವ ಆಸ್ಪತ್ರೆಯಾದರೂ ಸರಿ, ಕಾರ್ಡ್ ಹುಡುಕುತ್ತಾ ಕೂರಬೇಡಿ. ಆಮೇಲೆ ಅದನ್ನು ದಾಖಲು ಮಾಡಿಸಿ. ಔಷಧಿಯ ಅಡ್ಡಪರಿಣಾಮ ತಿಳಿಸಲು 2010ರಿಂದ ದೇಶದಲ್ಲಿ ಒಂದು ವ್ಯವಸ್ಥೆ ಇದೆ. ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನೋಡಿಕೊಳ್ಳುತ್ತದೆ. ಟೋಲ್ ಫ್ರೀ ನಂಬರ್ 1800-180-3024. ರೋಗಿಯೇ ಫೋನ್ ಮಾಡಬಹುದು. ಸ್ಟ್ರಿಪ್ ಎಸೆಯಬೇಡಿ, ಬ್ಯಾಚ್ ನಂಬರ್ ಕೇಳುತ್ತಾರೆ.

ರಿಟೈರ್ ಆಗಿ ಬರುವಾಗ ಯಾವ ಕಾಗದ ತರಬೇಕು?

ಪೆನ್ಷನ್ ಕಾಗದಕ್ಕೆ ತೋರಿಸುವ ಕಾಳಜಿಯಲ್ಲಿ ಕಾಲು ಭಾಗ ಇದಕ್ಕೂ ತೋರಿಸಿ. ಎಲ್ಲಾ ಡಿಸ್ಚಾರ್ಜ್ ಸಮರಿಗಳ ಪ್ರತಿ, ಮೆಡಿಕಲ್ ಬೋರ್ಡಿನ ಪ್ರತಿ, ಅಲರ್ಜಿ ಬರೆದ ಹಾಳೆ, ಈಗ ತಗೊಳ್ಳುತ್ತಿರುವ ಔಷಧಿಗಳ ಪಟ್ಟಿ. ಮೊಬೈಲಿನಲ್ಲಿ ಫೋಟೋ ತೆಗೆದು ಮಗಳಿಗೋ ಸೊಸೆಗೋ ಕಳಿಸಿಡಿ. 2021ರ ಮೇ ತಿಂಗಳಲ್ಲಿ ಶುರುವಾದ ಸೇಹತ್ ಒಪಿಡಿಯಲ್ಲಿ ಮನೆಯಿಂದಲೇ ಡಾಕ್ಟರ ಜೊತೆ ವಿಡಿಯೋದಲ್ಲಿ ಮಾತಾಡುವಾಗಲೂ ಅದು ಕೈಗೆ ಸಿಗುತ್ತದೆ.

ಆ ಪಟ್ಟಿ ಹೇಗಿರಬೇಕು?

ಒಂದೇ ಹಾಳೆ. ಔಷಧಿಯ ನಿಜವಾದ ಹೆಸರು, ಮಿಲಿಗ್ರಾಂ, ಯಾವ ಹೊತ್ತಿಗೆ, ಯಾಕೆ, ಯಾರು ಶುರು ಮಾಡಿದರು. ನಿಲ್ಲಿಸಿದ ಔಷಧಿಯನ್ನು ಅಳಿಸಬೇಡಿ, ಗೆರೆ ಎಳೆದು ತಾರೀಖು ಹಾಕಿ. ಕಷಾಯ, ಆಯುರ್ವೇದದ ಮಾತ್ರೆ, ಅಂಗಡಿಯಿಂದ ತಂದ ಗ್ಯಾಸ್ ಮಾತ್ರೆ, ಇವೂ ಅದರಲ್ಲೇ ಇರಲಿ. ಖಾಸಗಿ ಆಸ್ಪತ್ರೆಗೆ ರೆಫರ್ ಮಾಡಿದಾಗ ಒಯ್ಯಿರಿ. ಅಲ್ಲಿಂದ ಬಂದ ಮೇಲೆ ಹೊಸ ಚೀಟಿಯ ಜೊತೆ ಹೊಂದಿಸಿ ಪಾಲಿಕ್ಲಿನಿಕ್‌ನಲ್ಲಿ ತೋರಿಸಿ.

ನಮ್ಮ ಮನೆಯ ಪಟ್ಟಿ ಫ್ರಿಜ್ಜಿನ ಬಾಗಿಲ ಮೇಲಿದೆ. ಬರೆದದ್ದು ನನ್ನ ಹೆಂಡತಿ. ಇಷ್ಟು ವರ್ಷ ವಾರ್ಡಿನಲ್ಲಿ ಚಾರ್ಟ್ ತುಂಬಿದ ನನ್ನ ಕೈಬರಹ ಕೆಮಿಸ್ಟ್ ಹುಡುಗನಿಗೂ ಓದಲು ಬರುವುದಿಲ್ಲವಂತೆ.